ಚೆಂಡು ಕೊಟ್ಟು ಪೆಟ್ಟು ತಿಂದವನು

ವರ್ಷಕ್ಕೊಮ್ಮೆ, ಫೆಬ್ರುವರಿಯ ಒಂದು ಸೋಮವಾರ, ಬೆಳಗಿನ ಜಾವ ಐದಕ್ಕೆ ಎದ್ದು ಟಿವಿ ಮುಂದೆ ಕೂರುವ ಚಟ ನನಗಿದೆ. ಆಗ ಅಮೆರಿಕದಲ್ಲಿ ಭಾನುವಾರ ಸಂಜೆ, ಸೂಪರ್ ಬೌಲ್ ಪಂದ್ಯದ ಹೊತ್ತು. ಪುಣೆಯ ನಮ್ಮ ಮನೆಯಲ್ಲಿ ಉಳಿದವರೆಲ್ಲ ಮಲಗಿರುತ್ತಾರೆ. "ಅದೇನು ಆಟವೋ, ಐದು ಸೆಕೆಂಡ್ ಆಡ್ತಾರೆ, ಅರ್ಧ ನಿಮಿಷ ಸುಮ್ನೆ ನಿಂತ್ಕೋತಾರೆ" ಎಂದು ಹೆಂಡತಿ ನಗುತ್ತಾಳೆ. ಅವಳು ಹೇಳುವುದು ಸುಳ್ಳಲ್ಲ. ಮೊದಮೊದಲು ನನಗೂ ಹಾಗೇ ಅನ್ನಿಸುತ್ತಿತ್ತು. ಚೆಂಡು ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಆಟ ನಿಂತುಹೋಗಿರುತ್ತಿತ್ತು. ಒಮ್ಮೆ ಕೆಲಸದ ಮಾತಿನ ನಡುವೆ ಅಮೆರಿಕದ ಸಹೋದ್ಯೋಗಿಯೊಬ್ಬರು ಕಿವಿಮಾತು ಹೇಳಿದರು: ಒಂದು ಹತ್ತು ನಿಮಿಷ ಚೆಂಡನ್ನು ನೋಡಬೇಡ, ಚೆಂಡಿನ ಹಿಂದೆ ಬಗ್ಗಿ ನಿಂತ ಐದು ಜನರನ್ನು ನೋಡು.

ಆ ಐದು ಜನರೇ ಆಫೆನ್ಸಿವ್ ಲೈನ್‌ಮನ್‌ಗಳು. ಅವರನ್ನು ನೋಡುವುದನ್ನು ಕಲಿತ ಮೇಲೆ ನನಗೆ ಆಟ ಅರ್ಥವಾಯಿತು. ಅವರಲ್ಲೊಬ್ಬನ ಕಥೆ ಓದಿದ ಮೇಲೆ ಆ ಆಟವನ್ನು ಮೊದಲಿನಷ್ಟು ನಿರಾಳವಾಗಿ ನೋಡಲು ಆಗಲಿಲ್ಲ. ಆ ಒಬ್ಬನ ಹೆಸರು ಮೈಕ್ ವೆಬ್‌ಸ್ಟರ್.

ಈ ಆಟದ ಪರಿಚಯ ಇಲ್ಲದವರಿಗೆ ನಾಲ್ಕು ಮಾತು. ಒಂದೊಂದು ತಂಡದಲ್ಲಿ 11 ಜನ. ಚೆಂಡು ಕೈಯಲ್ಲಿರುವ ತಂಡ ನಾಲ್ಕು ಪ್ರಯತ್ನಗಳೊಳಗೆ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ನಾಲ್ಕು ಪ್ರಯತ್ನ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಚೆಂಡನ್ನು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಜಾಹೀರಾತು, ಪೋಸ್ಟರ್, ದೊಡ್ಡ ಸಂಬಳ ಎಲ್ಲ ಅವನಿಗೆ. ಅವನ ಮುಂದೆ ಗೋಡೆಯ ಹಾಗೆ ನಿಲ್ಲುವವರು ಐವರು: ನಡುವೆ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್‌ಗಳು, ಅವರಾಚೆ ಇಬ್ಬರು ಟ್ಯಾಕಲ್‌ಗಳು. ಸೆಂಟರ್ ನೆಲದ ಮೇಲಿನ ಚೆಂಡನ್ನು ತನ್ನ ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುತ್ತಾನೆ. ಅದಕ್ಕೆ ಸ್ನ್ಯಾಪ್ ಎನ್ನುತ್ತಾರೆ. ಕೊಟ್ಟ ಮರುಕ್ಷಣವೇ ಎದುರಿನಿಂದ ನುಗ್ಗಿ ಬರುವ ಭಾರೀ ದೇಹಗಳಿಗೆ ಎದೆ ಕೊಡಬೇಕು.

ಕಬಡ್ಡಿಯಲ್ಲಿ ರೈಡರ್‌ನನ್ನು ತಡೆಯಲು ಚೈನ್ ಕಟ್ಟುವ ಆಟಗಾರನಿಗೂ ಒಂದು ಪಾಯಿಂಟ್ ಸಿಗುತ್ತದೆ, ಒಂದು ಚಪ್ಪಾಳೆ ಬೀಳುತ್ತದೆ. ಲೈನ್‌ಮನ್‌ನ ಹೆಸರಿನ ಮುಂದೆ ಬರೆಯಲು ಅಂಕವಿಲ್ಲ, ರನ್ನಿಲ್ಲ, ವಿಕೆಟ್ಟಿಲ್ಲ. ಸಾಮಾನ್ಯವಾಗಿ ಎಸೆದ ಚೆಂಡನ್ನು ಹಿಡಿಯುವ ಅಧಿಕಾರವೂ ನಿಯಮದ ಪ್ರಕಾರ ಅವನಿಗಿಲ್ಲ. ತಪ್ಪು ಮಾಡಿದಾಗ ಮಾತ್ರ ರೆಫರಿ ಅವನ ಅಂಗಿಯ ಸಂಖ್ಯೆಯನ್ನು ಮೈಕಿನಲ್ಲಿ ಕೂಗುತ್ತಾನೆ. ಕೆಲಸ ಚೆನ್ನಾಗಿ ಮಾಡಿದ ದಿನ ಅವನು ಯಾರ ಕಣ್ಣಿಗೂ ಬೀಳುವುದಿಲ್ಲ.

ಮೈಕ್ ವೆಬ್‌ಸ್ಟರ್ ಹುಟ್ಟಿದ್ದು 1952ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಟೊಮಹಾಕ್ ಎಂಬ ಸಣ್ಣ ಊರಿನಲ್ಲಿ. ಮನೆಯವರದು ಆಲೂಗಡ್ಡೆ ಬೇಸಾಯ. ಹೊಲದ ಕೆಲಸ ಮಾಡಿಕೊಂಡೇ ಬೆಳೆದ ಹುಡುಗ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಂಡದಲ್ಲಿ ಸೆಂಟರ್ ಆಗಿ ಆಡಿದ. ಆದರೆ ವೃತ್ತಿಪರ ತಂಡಗಳ ಕಣ್ಣಿಗೆ ಅವನು ಚಿಕ್ಕವನು. ಎತ್ತರ ಆರಡಿ ಒಂದು ಇಂಚು. ಆ ಸ್ಥಾನಕ್ಕೆ ಅದು ಸಾಲದು ಎಂಬ ಅಭಿಪ್ರಾಯವಿತ್ತು. 1974ರಲ್ಲಿ ಹೊಸ ಆಟಗಾರರ ಆಯ್ಕೆ ನಡೆದಾಗ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ ಅವನನ್ನು ಐದನೇ ಸುತ್ತಿನಲ್ಲಿ ಆರಿಸಿತು. ಅವನಿಗಿಂತ ಮೊದಲು 124 ಜನ ಆಯ್ಕೆಯಾಗಿ ಹೋಗಿದ್ದರು.

ಆ ವರ್ಷದ ಸ್ಟೀಲರ್ಸ್ ಆಯ್ಕೆಯನ್ನು ಈ ಆಟದ ಇತಿಹಾಸದಲ್ಲೇ ಅತ್ಯುತ್ತಮ ಎಂದು ಇಂದಿಗೂ ಹೇಳುತ್ತಾರೆ. ಲಿನ್ ಸ್ವಾನ್, ಜ್ಯಾಕ್ ಲ್ಯಾಂಬರ್ಟ್, ಜಾನ್ ಸ್ಟಾಲ್‌ವರ್ತ್, ಮೈಕ್ ವೆಬ್‌ಸ್ಟರ್: ಒಂದೇ ವರ್ಷ ಆಯ್ಕೆಯಾದ ಈ ನಾಲ್ವರೂ ಮುಂದೆ ಹಾಲ್ ಆಫ್ ಫೇಮ್ ಸೇರಿದರು. ಕೋಚ್ ಚಕ್ ನೋಲ್, ಕ್ವಾರ್ಟರ್‌ಬ್ಯಾಕ್ ಟೆರಿ ಬ್ರಾಡ್‌ಶಾ. 1974ರಿಂದ 1979ರವರೆಗಿನ ಆರು ಋತುಗಳಲ್ಲಿ ನಾಲ್ಕು ಸೂಪರ್ ಬೌಲ್ ಗೆದ್ದ ತಂಡವದು.

ಮೊದಲೆರಡು ವರ್ಷ ವೆಬ್‌ಸ್ಟರ್ ಹಿರಿಯ ಆಟಗಾರ ರೇ ಮ್ಯಾನ್ಸ್‌ಫೀಲ್ಡ್ ಜೊತೆ ಸ್ಥಾನ ಹಂಚಿಕೊಂಡ. 1976ರಲ್ಲಿ ಸ್ಥಾನ ಪೂರ್ತಿ ಅವನದಾಯಿತು. ಅಲ್ಲಿಂದ ಸತತ 150 ಪಂದ್ಯಗಳಲ್ಲಿ ಅವನೇ ಸೆಂಟರ್. ಆ ಸರಪಳಿ ತುಂಡಾಗಿದ್ದು 1986ರಲ್ಲಿ, ಮೊಣಕೈ ಕೀಲು ತಪ್ಪಿದಾಗ. ಆಗಲೂ ತಪ್ಪಿಸಿಕೊಂಡದ್ದು ನಾಲ್ಕೇ ಪಂದ್ಯ. ದೇಹ ಚಿಕ್ಕದೆಂದವರಿಗೆ ಉತ್ತರವಾಗಿ ಕಬ್ಬಿಣ ಎತ್ತಿ ಎತ್ತಿ ಮೈ ಬೆಳೆಸಿದ. ತೂಕ 115 ಕಿಲೋ ಆಯಿತು. ಪಿಟ್ಸ್‌ಬರ್ಗಿನ ಕೊರೆಯುವ ಚಳಿಯಲ್ಲಿ ತೋಳು ಮಡಚಿ, ಬರಿಗೈಯಲ್ಲಿ ಆಡುತ್ತಿದ್ದ. ಉಳಿದವರು ನಡೆದು ಬರುವಾಗ ಅವನು ಓಡಿಬಂದು ಚೆಂಡಿನ ಮೇಲೆ ಬಗ್ಗುತ್ತಿದ್ದ. ಉಕ್ಕಿನ ಕಾರ್ಖಾನೆಗಳ ಊರು ಅದು. ಆ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಶಿಫ್ಟ್ ತಪ್ಪಿಸದ ಕೂಲಿಯವನಂತೆ ಆಡುವ ಈ ಮನುಷ್ಯನನ್ನು ಆ ಊರು ತನ್ನವನೆಂದುಕೊಂಡಿತು. 'ಐರನ್ ಮೈಕ್', ಅಂದರೆ ಕಬ್ಬಿಣದ ಮೈಕ್ ಎಂದು ಕರೆಯಿತು.

ಆದರೆ ಆ ಕೆಲಸ ಏನೆಂದು ಸ್ವಲ್ಪ ಹತ್ತಿರದಿಂದ ನೋಡಿ. ಇವತ್ತು ಲೈನ್‌ಮನ್‌ಗಳು ಕೈ ಚಾಚಿ, ಅಂಗೈ ತೆರೆದು ಎದುರಾಳಿಯನ್ನು ತಳ್ಳಬಹುದು. ವೆಬ್‌ಸ್ಟರ್ ಆಟಕ್ಕೆ ಬಂದಾಗ ಅದಕ್ಕೆ ಅನುಮತಿ ಇರಲಿಲ್ಲ. ಕೈಗಳನ್ನು ಮೈಗೆ ಅಂಟಿಸಿಕೊಂಡೇ ತಡೆಯಬೇಕಿತ್ತು. ನಿಯಮ ಬದಲಾದದ್ದು 1978ರಲ್ಲಿ. ಕೈ ಕಟ್ಟಿಹಾಕಿದರೆ ಮನುಷ್ಯ ಯಾವುದರಿಂದ ತಡೆಯುತ್ತಾನೆ? ಭುಜದಿಂದ, ತಲೆಯಿಂದ. ಇನ್ನು ಎದುರಿನವನು ಹೆಲ್ಮೆಟ್ಟಿನ ಪಕ್ಕಕ್ಕೆ ಅಂಗೈಯಿಂದ ಬಾರಿಸುವ 'ಹೆಡ್ ಸ್ಲ್ಯಾಪ್' 1977ರವರೆಗೂ ಆಟದ ಭಾಗವೇ ಆಗಿತ್ತು. ಒಂದು ಪಂದ್ಯದಲ್ಲಿ ಅರವತ್ತರ ಆಸುಪಾಸು ಸ್ನ್ಯಾಪ್‌ಗಳು. ಪಿಟ್ಸ್‌ಬರ್ಗಿನಲ್ಲಿ 15 ಋತು, ಆಮೇಲೆ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡದಲ್ಲಿ ಎರಡು. ಒಟ್ಟು 245 ಪಂದ್ಯ. ಪ್ಲೇಆಫ್ ಪಂದ್ಯಗಳನ್ನೂ ಪ್ರತಿದಿನದ ಅಭ್ಯಾಸವನ್ನೂ ಬಿಟ್ಟು ಲೆಕ್ಕ ಹಾಕಿದರೂ ಡಿಕ್ಕಿಗಳ ಸಂಖ್ಯೆ ಹತ್ತು ಸಾವಿರ ದಾಟುತ್ತದೆ.

ಇವು ಆಟಗಾರನನ್ನು ಸ್ಟ್ರೆಚರ್ ಮೇಲೆ ಹೊರಗೆ ಒಯ್ಯುವ ಪೆಟ್ಟುಗಳಲ್ಲ. ಪ್ರಜ್ಞೆ ತಪ್ಪುವುದಿಲ್ಲ, ರಕ್ತ ಬರುವುದಿಲ್ಲ. ತಲೆ ಒಮ್ಮೆ ಝಲ್ಲೆನ್ನುತ್ತದೆ, ಅಷ್ಟೆ. ಅರ್ಧ ನಿಮಿಷದಲ್ಲಿ ಮತ್ತೆ ಬಗ್ಗಿ ನಿಲ್ಲಬೇಕು. ವೆಬ್‌ಸ್ಟರ್ ಆಡುತ್ತಿದ್ದಷ್ಟು ಕಾಲ ಅವನಿಗೆ ತಲೆಪೆಟ್ಟಾಗಿದೆ ಎಂದು ಯಾವ ವೈದ್ಯರೂ ಬರೆದಿಡಲಿಲ್ಲ. ಬಹಳ ವರ್ಷಗಳ ನಂತರ ಒಬ್ಬ ವೈದ್ಯರು, ನಿಮಗೆ ಯಾವತ್ತಾದರೂ ಕಾರು ಅಪಘಾತ ಆಗಿತ್ತೇ ಎಂದು ಕೇಳಿದಾಗ, ಸುಮಾರು ಇಪ್ಪತ್ತೈದು ಸಾವಿರ ಸಲ ಆಗಿದೆ ಎಂದನಂತೆ.

1990ರ ಋತುವಿನ ನಂತರ ಅವನು ಆಟ ಬಿಟ್ಟ. ವಯಸ್ಸು ನಲವತ್ತಕ್ಕೂ ಮುಟ್ಟಿರಲಿಲ್ಲ. ಮುಂದಿನ ಹತ್ತು ವರ್ಷ ಅವನ ಬದುಕು ಕುಸಿಯುತ್ತ ಹೋಯಿತು. ಹೂಡಿದ ಹಣ ಕರಗಿತು. ಸಂಸಾರ ಒಡೆಯಿತು. ಸೌಮ್ಯ ಮನುಷ್ಯ ಎನಿಸಿಕೊಂಡಿದ್ದವನಿಗೆ ಇದ್ದಕ್ಕಿದ್ದಂತೆ ಸಿಟ್ಟು ನೆತ್ತಿಗೇರುತ್ತಿತ್ತು. ಮನೆಯ ದಾರಿ ಮರೆಯುತ್ತಿತ್ತು. ಕೆಲವು ರಾತ್ರಿ ತನ್ನ ಪಿಕಪ್ ಟ್ರಕ್ಕಿನಲ್ಲೇ ಮಲಗುತ್ತಿದ್ದ, ಕೆಲವು ರಾತ್ರಿ ರೈಲು ನಿಲ್ದಾಣದಲ್ಲಿ. ಉದುರಿದ ಹಲ್ಲುಗಳನ್ನು ಸೂಪರ್‌ಗ್ಲೂನಿಂದ ಅಂಟಿಸಿಕೊಳ್ಳುತ್ತಿದ್ದ. ನೋವಿನಿಂದ ನಿದ್ದೆ ಹತ್ತದಿದ್ದಾಗ ವಿದ್ಯುತ್ ಆಘಾತ ಕೊಡುವ ಸ್ಟನ್ ಗನ್‌ನಿಂದ ತನ್ನ ಮೈಗೇ ಆಘಾತ ಕೊಡಿಸಿಕೊಂಡು ಪ್ರಜ್ಞೆ ತಪ್ಪುತ್ತಿದ್ದ. ಕಾಗದದ ಮೇಲೆ ಕಾಗದ ಬರೆಯುತ್ತಿದ್ದ, ಒಂದು ವಾಕ್ಯಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲದ ಕಾಗದಗಳು. 1999ರಲ್ಲಿ ಔಷಧದ ಚೀಟಿಗಳನ್ನು ನಕಲಿ ಮಾಡಿದ್ದಕ್ಕಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಯಿತು.

ಇದರ ನಡುವೆಯೇ 1997ರಲ್ಲಿ, ಒಹಾಯೋದ ಕ್ಯಾಂಟನ್ ಊರಿನಲ್ಲಿ ಅವನನ್ನು ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು. ಪರಿಚಯ ಮಾಡಿಕೊಟ್ಟವನು ಬ್ರಾಡ್‌ಶಾ. ಹತ್ತು ಋತು ಒಂದೇ ಅಂಗಳದಲ್ಲಿ, ಒಂದು ಕೈ ಅಂತರದಲ್ಲಿ ಬದುಕಿದ ಸ್ನೇಹಿತರು. ವೇದಿಕೆಯ ಮೇಲೆ ವೆಬ್‌ಸ್ಟರ್ ಬಗ್ಗಿ ಕೊನೆಯ ಬಾರಿಗೆ ಅವನಿಗೆ ಚೆಂಡು ಕೊಟ್ಟ. ಜನ ಕೇಕೆ ಹಾಕಿದರು. ಆಮೇಲೆ ಮಾತಾಡಲು ನಿಂತವನ ಮಾತು ಎಲ್ಲೆಲ್ಲೋ ಸುತ್ತಿತು, ನಿಗದಿಯಾದ ಸಮಯ ಮೀರಿ ಸಾಗಿತು. ಅಲ್ಲಿದ್ದವರಲ್ಲಿ ಕೆಲವರಿಗಾದರೂ ಏನೋ ಸರಿಯಿಲ್ಲ ಎಂದು ಅನ್ನಿಸಿರಬೇಕು.

ಬಾಬ್ ಫಿಟ್ಜ್‌ಸಿಮನ್ಸ್ ಎಂಬ ವಕೀಲರು ಅವನ ಪರವಾಗಿ ಆಟಗಾರರ ನಿವೃತ್ತಿ ಮಂಡಳಿಗೆ ಅರ್ಜಿ ಹಾಕಿದರು. 1999ರಲ್ಲಿ ಮಂಡಳಿ, ಫುಟ್‌ಬಾಲ್ ಆಡುವಾಗ ತಲೆಗೆ ಬಿದ್ದ ಪೆಟ್ಟುಗಳಿಂದಲೇ ಇವನು ಪೂರ್ತಿ, ಶಾಶ್ವತವಾಗಿ ಅಶಕ್ತನಾಗಿದ್ದಾನೆ ಎಂದು ಒಪ್ಪಿತು. ಆದರೆ ಆ ಅಶಕ್ತತೆ ಶುರುವಾದದ್ದು ಆಟ ಬಿಟ್ಟಾಗಲ್ಲ, 1996ರಲ್ಲಿ ಎಂದಿತು. ಆ ತಾರೀಖಿನ ಮೇಲೆ ಅವನಿಗೆ ಸಿಗುವ ಹಣ ನಿಂತಿತ್ತು. ಅದಕ್ಕಾಗಿ ಜಗಳ ಮುಂದುವರಿಯಿತು. ಮೇಲ್ಮನವಿ ನ್ಯಾಯಾಲಯ ಅವನ ಪರ ತೀರ್ಪನ್ನು ಎತ್ತಿಹಿಡಿದದ್ದು 2006ರ ಡಿಸೆಂಬರಿನಲ್ಲಿ. ಅಷ್ಟು ಹೊತ್ತಿಗೆ ಅವನು ಸತ್ತು ನಾಲ್ಕು ವರ್ಷ ಕಳೆದಿತ್ತು.

2002ರ ಸೆಪ್ಟೆಂಬರ್ 24ರಂದು ಪಿಟ್ಸ್‌ಬರ್ಗಿನ ಆಸ್ಪತ್ರೆಯಲ್ಲಿ ವೆಬ್‌ಸ್ಟರ್ ಹೃದಯಾಘಾತದಿಂದ ತೀರಿಕೊಂಡ. ವಯಸ್ಸು 50. ದೇಹ ಕೌಂಟಿಯ ಶವಪರೀಕ್ಷೆ ಕಚೇರಿಗೆ ಬಂತು. ಆ ಶನಿವಾರ ಕೆಲಸದಲ್ಲಿದ್ದವರು ನೈಜೀರಿಯಾದಿಂದ ವಲಸೆ ಬಂದಿದ್ದ ಡಾ. ಬೆನೆಟ್ ಒಮಾಲು. ಅವರಿಗೆ ಫುಟ್‌ಬಾಲ್ ಗೊತ್ತಿರಲಿಲ್ಲ. ಮೇಜಿನ ಮೇಲಿದ್ದವನು ಆ ಊರಿನ ದೇವರಂಥವನು ಎಂಬುದೂ ಅವರ ಮನಸ್ಸಿಗೆ ಇಳಿದಿರಲಿಲ್ಲ. ಸುದ್ದಿಯಲ್ಲಿ ಕೇಳಿದ್ದು ಇಷ್ಟು: ದೊಡ್ಡ ಆಟಗಾರ, ಕೊನೆಗೆ ಬುದ್ಧಿ ಕೆಟ್ಟು ಬೀದಿಗೆ ಬಿದ್ದ. ಯಾಕೆ ಹಾಗಾಯಿತು ಎಂಬ ಪ್ರಶ್ನೆ ಅವರನ್ನು ಕೊರೆಯಿತು. ಊರಿನವರೆಲ್ಲ ಅವನನ್ನು ಆಟಗಾರನಾಗಿ ನೋಡಿದ್ದರು. ಹೊರಗಿನಿಂದ ಬಂದ ಈತ ಅವನನ್ನು ರೋಗಿಯಾಗಿ ನೋಡಿದರು. ವಲಸೆ ಬಂದವರ ಕಣ್ಣಿಗೆ ಆಗಾಗ ಇಂಥ ಲಾಭವಿರುತ್ತದೆ. ಊರಿಗೆ ರೂಢಿಯಾದದ್ದು ಅವರಿಗೆ ಇನ್ನೂ ರೂಢಿಯಾಗಿರುವುದಿಲ್ಲ.

ತಲೆಬುರುಡೆ ತೆರೆದಾಗ ಮೆದುಳು ಬರಿಗಣ್ಣಿಗೆ ಸರಿಯಾಗಿಯೇ ಇತ್ತು. ಹೆಚ್ಚಿನವರು ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರೇನೋ. ಒಮಾಲು ಮೆದುಳನ್ನು ರಾಸಾಯನಿಕದಲ್ಲಿ ಗಟ್ಟಿಮಾಡಿಸಿ, ತೆಳ್ಳಗೆ ಸೀಳಿಸಿ, ಬಣ್ಣ ಹಾಕಿಸಿ, ತಮ್ಮ ಜೇಬಿನಿಂದಲೇ ಹಣ ಕೊಟ್ಟು ಸ್ಲೈಡ್ ಮಾಡಿಸಿದರು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಟೌ ಎಂಬ ಪ್ರೋಟೀನಿನ ಗಂಟುಗಳು. ನರಕೋಶಗಳ ಒಳಗೆ ಹಂದರದ ಹಾಗೆ ಆಧಾರ ಕೊಡುವ ವ್ಯವಸ್ಥೆಯನ್ನು ಹಿಡಿದಿಡುವುದು ಈ ಪ್ರೋಟೀನ್. ತಲೆ ಮತ್ತೆ ಮತ್ತೆ ಅಲುಗಿದಾಗ ಅದು ಕಳಚಿ, ಸಿಕ್ಕುಸಿಕ್ಕಾಗಿ ಜಮೆಯಾಗಿ, ಕೋಶಗಳನ್ನು ಕೊಲ್ಲುತ್ತ ಹೋಗುತ್ತದೆ. ಪೆಟ್ಟು ನಿಂತ ಮೇಲೂ ರೋಗ ನಿಲ್ಲುವುದಿಲ್ಲ.

ರೋಗ ಹೊಸದಲ್ಲ. ಬಾಕ್ಸರ್‌ಗಳು ಕುಡಿದವರಂತೆ ತೂರಾಡುವ ಸ್ಥಿತಿಯನ್ನು ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು 1928ರಲ್ಲೇ ವಿವರಿಸಿದ್ದರು. ಆದರೆ ಹೆಲ್ಮೆಟ್ ಹಾಕಿದ ಫುಟ್‌ಬಾಲ್ ಆಟಗಾರನ ಮೆದುಳಿನಲ್ಲಿ ಅದನ್ನು ತೋರಿಸಿ ಬರೆದವರು ಇರಲಿಲ್ಲ. ಹೆಲ್ಮೆಟ್ ತಲೆಬುರುಡೆ ಒಡೆಯದಂತೆ ಕಾಯುತ್ತದೆ. ಒಳಗೆ ಮೆದುಳು ಗೋಡೆಗೆ ಬಡಿಯುವುದನ್ನು ತಡೆಯಲಾರದು. 2005ರಲ್ಲಿ 'ನ್ಯೂರೋಸರ್ಜರಿ' ಪತ್ರಿಕೆಯಲ್ಲಿ ಒಮಾಲು ಮತ್ತು ಸಂಗಡಿಗರ ಲೇಖನ ಬಂತು. ರೋಗದ ಹೆಸರು ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ, ಚಿಕ್ಕದಾಗಿ ಸಿಟಿಇ.

ಎನ್‌ಎಫ್‌ಎಲ್ ಈ ಬಗ್ಗೆ 1994ರಲ್ಲೇ ಒಂದು ಸಮಿತಿ ಮಾಡಿತ್ತು. ಅದರ ಮುಖ್ಯಸ್ಥರಾಗಿದ್ದ ಎಲಿಯಟ್ ಪೆಲ್‌ಮನ್ ಕೀಲುಬೇನೆಯ ವೈದ್ಯರು. ಸಮಿತಿಯ ಸದಸ್ಯರು ಲೇಖನವನ್ನು ಹಿಂತೆಗೆದುಕೊಳ್ಳಬೇಕು ಎಂದು ಪತ್ರಿಕೆಗೆ ಬರೆದರು. ಪತ್ರಿಕೆ ಒಪ್ಪಲಿಲ್ಲ. ಅಷ್ಟರಲ್ಲಿ ಒಮಾಲು ಮೇಜಿಗೆ ಎರಡನೇ ಮೆದುಳು ಬಂದಿತ್ತು. ಅದು ಟೆರಿ ಲಾಂಗ್‌ದು. ಅವನೂ ಸ್ಟೀಲರ್ಸ್ ತಂಡದವನೇ, ಅವನೂ ಆಫೆನ್ಸಿವ್ ಲೈನ್‌ಮನ್, ಎಂಬತ್ತರ ದಶಕದಲ್ಲಿ ವೆಬ್‌ಸ್ಟರ್ ಆಡಿದ ಅದೇ ಸಾಲಿನಲ್ಲಿ ಗಾರ್ಡ್ ಆಗಿದ್ದವನು. 2005ರಲ್ಲಿ, 45ನೇ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದ. ಅವನ ಮೆದುಳಿನಲ್ಲೂ ಅದೇ ಗಂಟುಗಳು. 2004ರಲ್ಲಿ ಹೆದ್ದಾರಿಯಲ್ಲಿ ಪೊಲೀಸರು ಬೆನ್ನಟ್ಟುತ್ತಿದ್ದಾಗ ಟ್ಯಾಂಕರಿಗೆ ಗುದ್ದಿ ಸತ್ತ ಜಸ್ಟಿನ್ ಸ್ಟ್ರೆಲ್ಜಿಕ್ ಕೂಡ ಸ್ಟೀಲರ್ಸ್ ಲೈನ್‌ಮನ್. ವಯಸ್ಸು 36. ಅವನಲ್ಲೂ ಅದೇ. ಒಂದೇ ಊರು, ಒಂದೇ ತಂಡ, ಒಂದೇ ಕೆಲಸ, ಮೂರು ಸಾವು.

ಹಳೆಯ ಆಟಗಾರರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಮೊಕದ್ದಮೆ ಹೂಡಿದರು. 2013ರಲ್ಲಿ ಲೀಗ್ 76.5 ಕೋಟಿ ಡಾಲರ್ ಕೊಡಲು ಒಪ್ಪಿತು. ಆ ಮೊತ್ತ ಸಾಲದೆಂದು ನ್ಯಾಯಾಧೀಶರು ಸಂಶಯಪಟ್ಟ ಮೇಲೆ ಮಿತಿಯನ್ನು ತೆಗೆದುಹಾಕಿದರು. 2015ರ ಏಪ್ರಿಲಿನಲ್ಲಿ ಒಪ್ಪಂದಕ್ಕೆ ಮಂಜೂರಾತಿ ಸಿಕ್ಕಿತು. ಅದೇ ವರ್ಷ ವಿಲ್ ಸ್ಮಿತ್ ಒಮಾಲು ಪಾತ್ರ ಮಾಡಿದ 'ಕನ್ಕಷನ್' ಚಿತ್ರ ಬಂತು. ನಾನು ವೆಬ್‌ಸ್ಟರ್ ಹೆಸರು ಮೊದಲು ಕೇಳಿದ್ದು ಅದರಲ್ಲೇ. ಫುಟ್‌ಬಾಲಿಗೂ ಸಿಟಿಇಗೂ ನಂಟಿದೆ ಎಂದು ಲೀಗಿನ ಹಿರಿಯ ಅಧಿಕಾರಿಯೊಬ್ಬರು ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡದ್ದು 2016ರ ಮಾರ್ಚಿನಲ್ಲಿ. ಸ್ವಂತ ಮಂಡಳಿ ವೆಬ್‌ಸ್ಟರ್ ವಿಷಯದಲ್ಲಿ ಕಾಗದದ ಮೇಲೆ ಒಪ್ಪಿ ಆಗಲೇ ಹದಿನೇಳು ವರ್ಷವಾಗಿತ್ತು.

ಇನ್ನೊಂದು ಮಾತನ್ನೂ ಹೇಳಬೇಕು. 2017ರ ಜುಲೈ 25ರಂದು ಬಾಸ್ಟನ್ ವಿಶ್ವವಿದ್ಯಾಲಯದ ಆ್ಯನ್ ಮಕ್ಕೀ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ 111 ಮಾಜಿ ಎನ್‌ಎಫ್‌ಎಲ್ ಆಟಗಾರರ ಮೆದುಳುಗಳ ಪೈಕಿ 110ರಲ್ಲಿ ಸಿಟಿಇ ಕಂಡಿತ್ತು. ಇದರರ್ಥ ಆಡಿದವರಿಗೆಲ್ಲ ರೋಗ ಬರುತ್ತದೆ ಎಂದಲ್ಲ. ಲಕ್ಷಣ ಕಂಡವರ ಮನೆಯವರೇ ಹೆಚ್ಚಾಗಿ ಮೆದುಳು ದಾನ ಮಾಡುತ್ತಾರೆ. ಸಂಶೋಧಕರೇ ಅದನ್ನು ಹೇಳಿದ್ದರು. ಖಚಿತವಾಗಿ ಪತ್ತೆ ಮಾಡುವುದು ಇಂದಿಗೂ ಸತ್ತ ಮೇಲೆಯೇ. ಬದುಕಿರುವ ಆಟಗಾರನಿಗೆ ಇದು ಕತ್ತಲಲ್ಲಿ ಇಟ್ಟ ಲೆಕ್ಕ.

ಆ ಅಧ್ಯಯನ ಹೊರಬಂದ ಎರಡು ದಿನಕ್ಕೆ ಜಾನ್ ಅರ್ಶೆಲ್ ಎಂಬ ಹುಡುಗ ಆಟ ಬಿಟ್ಟ. ವಯಸ್ಸು 26. ಬಾಲ್ಟಿಮೋರ್ ರೇವನ್ಸ್ ತಂಡದ ಗಾರ್ಡ್, ಬೇಕಾದಾಗ ಸೆಂಟರ್. ಅವನು ಎಂಐಟಿಯಲ್ಲಿ ಗಣಿತದ ಪಿಎಚ್‌ಡಿ ವಿದ್ಯಾರ್ಥಿಯೂ ಹೌದು. 2015ರ ಅಭ್ಯಾಸ ಶಿಬಿರದಲ್ಲಿ ತಲೆಗೆ ಪೆಟ್ಟಾಗಿ, ಕೆಲವು ಕಾಲ ಕಠಿಣ ಗಣಿತವನ್ನು ಹಿಡಿದಿಟ್ಟುಕೊಳ್ಳಲು ಆಗದೇ ಹೋಗಿತ್ತು. ಆಟ ಬಿಟ್ಟದ್ದಕ್ಕೆ ಅಧ್ಯಯನವೊಂದೇ ಕಾರಣ ಎಂದು ಅವನು ಹೇಳಲಿಲ್ಲ. ಓದಿಗೆ ಪೂರ್ತಿ ಸಮಯ ಬೇಕಿತ್ತು, ಮನೆಗೊಂದು ಮಗು ಬರಲಿತ್ತು. 2021ರಲ್ಲಿ ಪಿಎಚ್‌ಡಿ ಮುಗಿಸಿದ, ಈಗ ಎಂಐಟಿಯಲ್ಲೇ ಗಣಿತ ಪಾಠ ಮಾಡುತ್ತಾನೆ. ಅವನೂ ವೆಬ್‌ಸ್ಟರ್ ಮಾಡಿದ ಕೆಲಸವನ್ನೇ ಮಾಡಿದವನು. ವ್ಯತ್ಯಾಸ ಇಷ್ಟೇ: ವೆಬ್‌ಸ್ಟರ್‌ಗೆ ಯಾರೂ ಹೇಳಿರಲಿಲ್ಲ. ಅರ್ಶೆಲ್‌ಗೆ ವೆಬ್‌ಸ್ಟರ್‌ನ ಮೆದುಳು ಹೇಳಿತ್ತು.

ನನ್ನ ಮಗ ನಮ್ಮ ಸೊಸೈಟಿಯ ಹುಡುಗರ ಜೊತೆ ಕಾಲ್ಚೆಂಡು ಆಡುತ್ತಾನೆ. ಹೋದ ಮಳೆಗಾಲದಲ್ಲಿ ಇನ್ನೊಬ್ಬ ಹುಡುಗನ ತಲೆಗೆ ತಲೆ ಬಡಿದು ಕೆಳಗೆ ಬಿದ್ದ. ನಾನು ಅಲ್ಲೇ ಬೆಂಚಿನ ಮೇಲಿದ್ದೆ. ಎದ್ದು, ಮಣ್ಣು ಒರೆಸಿಕೊಂಡು, "ಏನೂ ಆಗಿಲ್ಲ ಅಪ್ಪ, ಆಡ್ತೀನಿ" ಎಂದ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನನ್ನ ಕೈಯೂ ಚಪ್ಪಾಳೆಗೆ ಮೇಲೆದ್ದಿತ್ತು. ನೋವು ನುಂಗಿ ನಿಲ್ಲುವವನನ್ನು ಹೊಗಳುವುದು ನಮಗೆ ಅಷ್ಟು ರೂಢಿ. ಹಟ ಹಿಡಿದ ಅವನನ್ನು ಕೈಹಿಡಿದು ಹೊರಗೆ ಕರೆದುಕೊಂಡು ಬಂದೆ. ಡಾಕ್ಟರಿಗೆ ತೋರಿಸಿದೆ. ಎರಡು ವಾರ ಆಟವಿಲ್ಲ ಎಂದರು. ಅವನು ಎರಡು ದಿನ ನನ್ನ ಜೊತೆ ಮಾತು ಬಿಟ್ಟ.

ಮುಂದಿನ ಫೆಬ್ರುವರಿಯಲ್ಲೂ ಬೆಳಗಿನ ಜಾವ ಏಳುತ್ತೇನೆ, ಅದು ಖಂಡಿತ. ಆದರೆ ಚೆಂಡು ಗಾಳಿಗೆ ಏರಿದಾಗ ನನ್ನ ಕಣ್ಣು ಅದರ ಹಿಂದೆ ಹೋಗುವುದಿಲ್ಲ. ಕೆಳಗೆ, ಗುಂಪಿನ ನಡುವಿನಿಂದ ಮೊಣಕಾಲೂರಿ ಏಳುತ್ತಿರುವವನ ಮೇಲೆ ನಿಂತಿರುತ್ತದೆ.